ನನಗೆ ಯಾರೂ ಇಲ್ಲವೆಂದು ಬರೆದುಕೊಂಡ ವೀಸಾ ಅಧಿಕಾರಿಗಳಿಗೆ

ಇವರಿಗೆ,
ಮಾನ್ಯ ವೀಸಾ ಅಧಿಕಾರಿಗಳು,
ಮೂರನೇ ಕಿಟಕಿ, ದಪ್ಪ ಗಾಜಿನ ಆಚೆ ಬದಿ,
ಒಂದು ಘನ ರಾಷ್ಟ್ರದ ದೂತಾವಾಸ,
ಮೊನ್ನೆ ಮೊನ್ನೆಯವರೆಗೂ ಮದ್ರಾಸ್ ಆಗಿದ್ದ ಚೆನ್ನೈ.

ಮಾನ್ಯರೇ,

ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಿಂದ, ಕರೆಂಟು ಹೋಗಿ ಯಂತ್ರಗಳೆಲ್ಲ ಸುಮ್ಮನಾಗಿರುವ ಈ ಮಧ್ಯಾಹ್ನ, ಈರೇಶನೆಂಬ ನಾನು ತಮಗೂ, ತಮ್ಮ ಘನ ಸರ್ಕಾರಕ್ಕೂ, ತಮ್ಮ ಮೇಜಿನ ಮೇಲೆ ಸದಾ ಸಿದ್ಧವಾಗಿ ಕುಳಿತಿರುವ ಕೆಂಪು ಮುದ್ರೆಗೂ ಕೈಮುಗಿದು ಬರೆದುಕೊಳ್ಳುವುದೇನೆಂದರೆ, ಇಲ್ಲಿ ನಾವು ಕ್ಷೇಮ. ತಮ್ಮ ಕ್ಷೇಮವನ್ನು ಕೇಳಬಹುದೋ ಇಲ್ಲವೋ ತಿಳಿಯದು, ಏಕೆಂದರೆ ನಮ್ಮಿಬ್ಬರ ಏಕೈಕ ಭೇಟಿಯಲ್ಲಿ ಪ್ರಶ್ನೆ ಕೇಳುವ ಹಕ್ಕು ತಮ್ಮೊಬ್ಬರದೇ ಆಗಿತ್ತು. ತಮ್ಮ ದೇಶದ ಹೆಸರನ್ನು ಈ ಪತ್ರದಲ್ಲಿ ಎಲ್ಲೂ ಬರೆಯುವುದಿಲ್ಲ. ರಾಷ್ಟ್ರ ರಾಷ್ಟ್ರಗಳ ನಡುವೆ ಇರಬೇಕಾದ ಸೌಜನ್ಯ ನನಗೂ ಸ್ವಲ್ಪ ಗೊತ್ತಿದೆ.

ಹೆದರಬೇಡಿ, ನಾನು ವೀಸಾ ಬೇಡಲು ಬರೆಯುತ್ತಿಲ್ಲ. ನನ್ನ ಕಡತದಲ್ಲಿ ತಾವು ಬರೆದುಕೊಂಡ ಒಂದೇ ಒಂದು ಉತ್ತರವನ್ನು ತಿದ್ದಬೇಕೆಂಬುದಷ್ಟೇ ನನ್ನ ಬಿನ್ನಹ. ನಿನ್ನ ಊರಿನಲ್ಲಿ ನಿನಗಾಗಿ ಕಾಯುವವರು ಯಾರಾದರೂ ಇದ್ದಾರೆಯೇ ಎಂದು ತಾವು ಕೇಳಿದಿರಿ, ಯಾರೂ ಇಲ್ಲ ಎಂದು ನಾನು ಹೇಳಿದೆ, ತಾವು ಬರೆದುಕೊಂಡಿರಿ. ಆ ಉತ್ತರ ಶುದ್ಧ ಸುಳ್ಳು. ಅದು ಹಾಗೇ ಉಳಿದರೆ ಇಲ್ಲಿ ಒಂದು ಮದುವೆ ನಿಂತುಹೋಗುತ್ತದೆ, ಮತ್ತು ಆ ಮದುವೆ ಬೇರೆ ಯಾರದೂ ಅಲ್ಲ, ನನ್ನದೇ. ಹುಡುಗಿಯ ಹೆಸರನ್ನು ಇದೇ ಪತ್ರದಲ್ಲಿ ಮುಂದೆ ಹೇಳುತ್ತೇನೆ, ಧೈರ್ಯ ತಂದುಕೊಳ್ಳಲು ಸ್ವಲ್ಪ ಅವಕಾಶ ಕೊಡಬೇಕು.

ಮೊದಲು ಯಂತ್ರದ ವಿಷಯ, ಏಕೆಂದರೆ ತಮ್ಮ ದೇಶಕ್ಕೆ ನನಗಿಂತ ಯಂತ್ರದ ಮೇಲೆಯೇ ಹೆಚ್ಚು ಪ್ರೀತಿ. ನಾನು ಕೆಲಸ ಮಾಡುವ ಶೆಡ್ಡಿನಲ್ಲಿ ಪೆಪ್ಪರಮೆಂಟಿಗೆ ಕಾಗದ ಸುತ್ತುವ ಯಂತ್ರಗಳು ತಯಾರಾಗುತ್ತವೆ. ಒಂದು ಕಡೆಯಿಂದ ಬೆತ್ತಲೆ ಪೆಪ್ಪರಮೆಂಟು ಒಳಗೆ ಹೋಗಿ, ಇನ್ನೊಂದು ಕಡೆಯಿಂದ ಎರಡೂ ತುದಿ ತಿರುಚಿದ ಬಣ್ಣದ ಕಾಗದ ತೊಟ್ಟು ಹೊರಗೆ ಬರುವ ಈ ಸೋಜಿಗವನ್ನು ತಮ್ಮ ದೇಶದ ಮಿಠಾಯಿ ಕಾರ್ಖಾನೆಯೊಂದರ ಯಜಮಾನರು ವಸ್ತುಪ್ರದರ್ಶನದಲ್ಲಿ ನೋಡಿ, ಮೆಚ್ಚಿ, ತಮಗೂ ಒಂದು ಬೇಕೆಂದು ಬರೆದರು. ನಮ್ಮ ಮಾಲೀಕರಾದ ಗದಿಗೆಪ್ಪನವರು ಹಾವೇರಿ ಕಡೆಯವರು, ಪೂಜೆಯಿಲ್ಲದೆ ಒಂದು ಸ್ಪ್ಯಾನರನ್ನೂ ಶೆಡ್ಡಿನಿಂದ ಹೊರಗೆ ಬಿಡದವರು. ಆಯುಧಪೂಜೆಯ ದಿನ ಆ ಯಂತ್ರದ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಇಟ್ಟು, ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಕಟ್ಟಿ, ಬೂದಗುಂಬಳ ಒಡೆದು, ಆಮೇಲೆಯೇ ಮರದ ಪೆಟ್ಟಿಗೆಗೆ ಮೊಳೆ ಹೊಡೆಸಿದರು.

ಈ ಯಂತ್ರ ತಮ್ಮ ಬಂದರಿನಲ್ಲಿ ಇಳಿದಾಗ ಅದಕ್ಕೆ ಮದುವೆಯಾಗಿದೆಯೇ ಎಂದು ಯಾರೂ ಕೇಳಲಿಲ್ಲ. ಸ್ವಂತ ಮನೆಯಿದೆಯೇ, ತಿರುಗಿ ಹೋಗುವ ಉದ್ದೇಶವಿದೆಯೇ ಎಂದೂ ಕೇಳಲಿಲ್ಲ. ಅದು ಶಾಶ್ವತವಾಗಿ ಅಲ್ಲೇ ನೆಲೆಸಲು ಬಂದಿದೆ ಎಂದು ಗೊತ್ತಿದ್ದೂ ಕೆಳಗಿಳಿಸಿ, ಲಾರಿಯಲ್ಲಿ ಕೂರಿಸಿ, ಕಾರ್ಖಾನೆಯವರೆಗೆ ಬಿಟ್ಟುಬಂದರು. ನಿಂಬೆಹಣ್ಣೊಂದನ್ನು ಮಾತ್ರ ತಮ್ಮ ಕೃಷಿ ಇಲಾಖೆಯವರು ಚಿಮುಟದಲ್ಲಿ ಹಿಡಿದು ಒಯ್ದರಂತೆ. ಅದು ಒಣಗಿ ಸುರುಟಿ ಬಟಾಣಿಯಷ್ಟಾಗಿತ್ತು, ಆದರೂ ನಮ್ಮ ಪೀಣ್ಯದಿಂದ ತಮ್ಮ ನೆಲಕ್ಕೆ ಕಾಲಿಡಲು ಹೊರಟ ಜೀವಿಗಳಲ್ಲಿ ಅದೇ ಮೊದಲನೆಯದು, ನಾನು ಎರಡನೆಯವನು, ಇಬ್ಬರಿಗೂ ಒಂದೇ ಗತಿಯಾಯಿತು. ವಿಭೂತಿ ಉಳಿಯಿತು. ಯಂತ್ರದ ಮುಂಭಾಗದಲ್ಲಿರುವ ಮೂರು ಬಿಳಿಯ ಗೆರೆಗಳು ಮಟ್ಟ ನೋಡುವ ಗುರುತೇ, ಅವನ್ನು ಒರೆಸಬಹುದೇ ಎಂದು ಕಾರ್ಖಾನೆಯವರಿಂದ ಫ್ಯಾಕ್ಸ್ ಬಂತು. ಯಾವ ಕಾರಣಕ್ಕೂ ಒರೆಸಕೂಡದು ಎಂದು ಗದಿಗೆಪ್ಪನವರು ಉತ್ತರ ಕಳಿಸಿದರು, ಕಾರ್ಖಾನೆಯವರು ಪಾಪ ಇವತ್ತಿಗೂ ಒರೆಸಿಲ್ಲವಂತೆ.

ಆದರೆ ಯಂತ್ರ ತಾನಾಗಿ ಎದ್ದು ಓಡುವುದಿಲ್ಲ. ಅದನ್ನು ನೆಲಕ್ಕೆ ಸರಿಯಾಗಿ ಕೂರಿಸಿ, ಅದರ ಸಿಟ್ಟು ಸೆಡವು ತಿಳಿದು ಚಾಲೂ ಮಾಡಲು ನಮ್ಮಿಂದ ಒಬ್ಬ ಹೋಗಬೇಕೆಂದು ಕರಾರಿನಲ್ಲಿಯೇ ಇತ್ತು. ಆ ಒಬ್ಬ ನಾನು. ಸುಮಾರು ಒಂದು ತಿಂಗಳ ಕೆಲಸ, ಮುಗಿಸಿ ಬಂದರಾಯಿತು ಎಂದು ಎಲ್ಲರೂ ಅಂದುಕೊಂಡಿದ್ದೆವು.

ಹೀಗೆ ಅಂದುಕೊಳ್ಳಲು ನಮಗೆ ಕಾರಣವೂ ಇತ್ತು. ಹಿಂದಿನ ವರ್ಷ ತಮ್ಮ ದೇಶದ ವಾಣಿಜ್ಯ ನಿಯೋಗ ಪೀಣ್ಯಕ್ಕೆ ದಯಮಾಡಿಸಿದ್ದಾಗ ನಮ್ಮ ಬೀದಿಯ ಗುಂಡಿಗಳಿಗೆ ಮೊದಲ ಸಲ ಮಣ್ಣು ಬಿತ್ತು, ಆ ಉಪಕಾರವನ್ನು ನಾವು ಮರೆತಿಲ್ಲ. ಬಂದವರಿಗೆಲ್ಲ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿ, ದಾವಣಗೆರೆಯಿಂದ ಅಡುಗೆಯವರನ್ನು ಕರೆಸಿ ಬೆಣ್ಣೆದೋಸೆ ಹುಯ್ಯಿಸಿ, ಹೋಳಿಗೆ ಬಡಿಸಿ, ಬೇಡ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲೇ ತುಪ್ಪ ಸುರಿದೆವು. ಒಬ್ಬ ಮಹನೀಯರು ಊಟವಾದ ಮೇಲೆ ಗದಿಗೆಪ್ಪನವರ ಕುರ್ಚಿಯಲ್ಲೇ ನಿದ್ದೆ ಹೋಗಿ, ಎರಡನೇ ಪಾಳಿ ಶುರುವಾದರೂ ಏಳಲಿಲ್ಲ. ಇವರು ತಿರುಗಿ ಹೋಗುತ್ತಾರೋ ಇಲ್ಲೇ ಠಿಕಾಣಿ ಹೂಡುತ್ತಾರೋ ಎಂದು ಅನುಮಾನಪಡಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೂ ನಾವು ಅವರ ಪಾಸ್‌ಬುಕ್ ಕೇಳಲಿಲ್ಲ, ಫ್ಯಾನನ್ನು ಅವರ ಕಡೆ ತಿರುಗಿಸಿ ಬಾಗಿಲು ಮುಂದೆ ಮಾಡಿ ಬಂದೆವು.

ಅದೇ ದಿನ ನಿಯೋಗದ ಮುಖ್ಯಸ್ಥರು ಇನ್ನು ಮುಂದೆ ಗಡಿಗಳೆಂಬುದೇ ಇರುವುದಿಲ್ಲ, ಇಡೀ ಜಗತ್ತು ಒಂದೇ ಹಳ್ಳಿ ಎಂದು ಭಾಷಣ ಮಾಡಿದರು, ನಾವು ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದೆವು. ಅವರು ಹೇಳಿದ ಹಳ್ಳಿ ಯಾವುದೋ ನನಗೆ ಇನ್ನೂ ಪತ್ತೆಯಾಗಿಲ್ಲ. ನಮ್ಮ ಹಳ್ಳಿಗಳಲ್ಲೂ ಹೊಸಬನನ್ನು ಯಾವೂರು, ಯಾರ ಪೈಕಿ ಎಂದು ಕೇಳದೆ ಬಿಡುವುದಿಲ್ಲ, ನಿಜ. ಕೇಳಿ ಮುಗಿಸುವಷ್ಟರಲ್ಲಿ ಕುಡಿಯಲು ನೀರು ಬಂದಿರುತ್ತದೆ, ಅದೂ ಎಲ್ಲರಿಗೂ ಒಂದೇ ಲೋಟದಲ್ಲಿ ಬರುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ತಮ್ಮೊಬ್ಬರನ್ನೇ ಬೈದರೆ ನ್ಯಾಯವಾಗುವುದಿಲ್ಲ.

ಇನ್ನು ನನ್ನ ಅರ್ಜಿಯ ಜೊತೆಯಲ್ಲಿದ್ದ ಶಿಫಾರಸಿನ ವಿಷಯ. ಗದಿಗೆಪ್ಪನವರ ಲೆಕ್ಕದಲ್ಲಿ ಪರಸ್ಥಳದ ಕೆಲಸಕ್ಕೆ ಕಳಿಸಲು ಯೋಗ್ಯನಾದವನು ಯಾರೆಂದರೆ ಹಿಂದೆ ಮುಂದೆ ಯಾರೂ ಇಲ್ಲದವನು. ಮಡದಿ ಮಕ್ಕಳಿರುವವನನ್ನು ಹೊಸಪೇಟೆಗೆ ಕಳಿಸಿದರೂ ಮಗುವಿಗೆ ಜ್ವರ, ಅತ್ತೆಗೆ ಕಣ್ಣಿನ ಆಪರೇಷನ್ನು ಎಂದು ಯಂತ್ರವನ್ನು ಅರ್ಧಕ್ಕೆ ಬಿಟ್ಟು ಬರುತ್ತಾನೆ ಎಂಬುದು ಅವರ ಅನುಭವ. ನಾನೋ, ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ದಾವಣಗೆರೆಯ ಮಠವೊಂದರ ಹಾಸ್ಟೆಲ್ಲಿನಲ್ಲಿ ಉಂಡು ಡಿಪ್ಲೊಮಾ ಓದಿದವನು. ಆದ್ದರಿಂದ ಅವರು ಶೆಡ್ಡಿನ ಗಾಜಿನ ಕ್ಯಾಬಿನ್ನಿನಲ್ಲಿ ಕುಳಿತು ನನ್ನ ಗುಣಗಾನವನ್ನು ಹೇಳಿ ಬರೆಸಿದರು: ಈತನಿಗೆ ಮದುವೆಯಿಲ್ಲ, ಮನೆಯಿಲ್ಲ, ಹೊಲವಿಲ್ಲ, ಕರೆಯುವವರಿಲ್ಲ, ಕಾಯುವವರಿಲ್ಲ, ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದು. “ಇವಗ ಹಿಂದಿಲ್ಲ ಮುಂದಿಲ್ಲ ಅಂತ ಚಂದಗೆ ಬರಿಯವ್ವಾ, ಲಗೂನ ಕೊಡ್ತಾರ” ಎಂದು ಅವರು ಹೇಳುತ್ತಿದ್ದುದು ನನಗೆ ಲೇತ್ ಮಿಷಿನ್ನಿನ ಬಳಿಗೂ ಕೇಳಿಸುತ್ತಿತ್ತು. ಗಂಡಿನ ಕಡೆಯ ದಲ್ಲಾಳಿ ಕೂಡ ಯಾರನ್ನೂ ಇಷ್ಟು ಮನಃಪೂರ್ವಕವಾಗಿ ಹೊಗಳಿರಲಾರ. ತಾವು ಅದನ್ನು ಓದುವಾಗ ಹುಬ್ಬು ಮೇಲೇರಿದ್ದು ಮೆಚ್ಚುಗೆಯಿಂದ ಎಂದೇ ನಾನು ತಿಳಿದಿದ್ದೆ.

ಆ ಶಿಫಾರಸನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದವಳು ಯಾರೆಂಬುದನ್ನು ತಾವು ತಿಳಿಯಬೇಕು. ನಮ್ಮ ಶೆಡ್ಡಿನ ಡ್ರಾಯಿಂಗ್ ಬೋರ್ಡಿನ ಮುಂದೆ ಕೂತು ನಕ್ಷೆ ಬರೆಯುವ ಹುಡುಗಿ ಅವಳು. ತಮ್ಮ ದೇಶದಲ್ಲಿ ನಿಂತಿರುವ ಯಂತ್ರದ ಪ್ರತಿಯೊಂದು ಹಲ್ಲನ್ನೂ ಮೊದಲು ಕಾಗದದ ಮೇಲೆ ಎಳೆದವಳು. ಅವಳು ಬರೆದ ಅಳತೆಗೂ ನಾನು ಅರದಲ್ಲಿ ಉಜ್ಜಿದ ಅಳತೆಗೂ ಕೂದಲೆಳೆಯಷ್ಟು ವ್ಯತ್ಯಾಸ ಬಂದಾಗಲೆಲ್ಲ ನಮ್ಮಿಬ್ಬರಿಗೂ ಜಗಳ, ಆ ಜಗಳ ಎಷ್ಟು ಚೆನ್ನಾಗಿರುತ್ತಿತ್ತೆಂದರೆ ಅಳತೆ ಸರಿಯಾಗಿ ಕೂತ ದಿನ ಇಬ್ಬರಿಗೂ ಬೇಜಾರು. ನಾನು ತಮ್ಮ ದೇಶದಿಂದ ಬಂದ ಮೇಲೆ ಅವಳ ಮನೆಯಲ್ಲಿ ಮಾತು ಎತ್ತುವುದು, ಅಲ್ಲಿಯವರೆಗೆ ಯಾರಿಗೂ ಸುಳಿವು ಕೊಡಕೂಡದು ಎಂದು ನಾವು ತೀರ್ಮಾನಿಸಿಕೊಂಡಿದ್ದೆವು. ಹಾಗಾಗಿ ಈತನಿಗೆ ಕಾಯುವವರಿಲ್ಲ ಎಂಬ ವಾಕ್ಯವನ್ನು ಅವಳೇ ತನ್ನ ಕೈಯಾರೆ ಒತ್ತಿ, ಮುದ್ರಿಸಿ, ತಂದು ನನ್ನ ಕೈಗೆ ಕೊಟ್ಟು, “ತಪ್ಪಿದ್ರೆ ನೋಡ್ಕೊಳ್ಳಿ” ಎಂದು ಹೋದಳು. ತಪ್ಪಿತ್ತು, ನೋಡಿಕೊಂಡೆ, ಸುಮ್ಮನಾದೆ.

ಮದ್ರಾಸಿನಲ್ಲಿ ತಮ್ಮ ಗೇಟಿನ ಮುಂದೆ ಬಿಸಿಲಲ್ಲಿ ನಿಂತು, ಬೆಲ್ಟು ಬಿಚ್ಚಿ, ಪೆನ್ನು ಒಪ್ಪಿಸಿ, ಕೊನೆಗೂ ತಮ್ಮ ಸನ್ನಿಧಾನಕ್ಕೆ ಬಂದೆ. ನನ್ನ ಇಂಗ್ಲಿಷು ನಟ್ಟು ಬೋಲ್ಟಿನ ಮಟ್ಟಿಗೆ ಸಾಲುತ್ತದೆ, ಗಾಜಿನ ಆಚೆಯಿಂದ ಮೂಗಿನಲ್ಲಿ ಬರುವ ಪ್ರಶ್ನೆಗೆ ಸಾಲುವುದಿಲ್ಲ. ತಾವು ದೊಡ್ಡ ಮನಸ್ಸು ಮಾಡಿ ಕನ್ನಡ ಬಲ್ಲ ಒಬ್ಬ ಹೆಣ್ಣುಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿರಿ. ಹೇಮಲತಾ ಎಂಬ ಆ ಮಹಾತಾಯಿ ತಮ್ಮ ಪ್ರಶ್ನೆಯನ್ನು ಕನ್ನಡ ಮಾಡುವ ಮೊದಲು ಸ್ವಂತದ ಒಂದು ಪ್ರಶ್ನೆ ಕೇಳಿದರು: “ಯಾವೂರ ಕಡೇರ್ರೀ?” ದಾವಣಗೆರೆ ಎಂದೆ. “ನಮ್ ತವರ್ಮನಿನೂ ಅಲ್ಲೇ ಐತ್ರಿ, ಹೊಂಡದ ಸರ್ಕಲ್ ಹತ್ರ, ಬಸಕ್ಕನ ಮನಿ ಬಾಜೂಕ” ಎಂದರು. ಬಸಕ್ಕನೆಂದರೆ ಯಾರು ಗೊತ್ತೇ? ನಕ್ಷೆ ಬರೆಯುವ ಹುಡುಗಿಯ ಸೋದರತ್ತೆ. ತಮ್ಮ ದೂತಾವಾಸದ ಕಲ್ಲಿನ ಗೋಡೆ, ಗಾಜು, ಬಂದೂಕಿನ ಕಾವಲು, ಇದೆಲ್ಲದರ ನಡುವೆಯೂ ಬಸಕ್ಕನ ಪಕ್ಕದ ಮನೆಯವರು ಬಂದು ಕೂತಿದ್ದಾರೆಂದ ಮೇಲೆ ನಿಜ ಹೇಳುವುದಾದರೂ ಹೇಗೆ.

ತಾವು ಮದುವೆಯಾಗಿದೆಯೇ ಎಂದಿರಿ. ಇಲ್ಲ ಎಂದೆ, ಅದು ನಿಜ. ಮದುವೆಯಾಗಬೇಕೆಂದಿರುವ ಹುಡುಗಿ ಇದ್ದಾಳೆಯೇ ಎಂದಿರಿ. ಹೇಮಲತಾ ಅವರು ಕನ್ನಡಕದ ಮೇಲಿಂದ ನೋಡಿದರು, ಇಲ್ಲ ಎಂದೆ. ಯಾರೂ ಇಲ್ಲವೇ, ನೀನು ತಿರುಗಿ ಬರಲೆಂದು ಕಾಯುವವರು ಒಬ್ಬರೂ ಇಲ್ಲವೇ ಎಂದು ತಾವು ಮೂರನೇ ಸಲ, ಪೆನ್ನು ಕೆಳಗಿಟ್ಟು, ನಿಜಕ್ಕೂ ಕೇಳಿದಿರಿ. ಈಗ ಯೋಚಿಸಿದರೆ ತಾವು ನನಗೆ ಒಂದು ಅವಕಾಶ ಕೊಟ್ಟಿರಬಹುದು ಅನ್ನಿಸುತ್ತದೆ. ಆದರೆ ಹಿರಿಯರ ಕಿವಿಗೆ ಬೀಳುವ ಮೊದಲೇ ಹುಡುಗಿಯ ಹೆಸರನ್ನು ಅವಳ ಅತ್ತೆಯ ನೆರೆಯವರ ಮುಂದೆ, ಅದೂ ಹಿಂದೆ ಅಷ್ಟು ಜನ ಸಾಲಿನಲ್ಲಿ ನಿಂತು ಕಿವಿ ನೆಟ್ಟಗೆ ಮಾಡಿಕೊಂಡಿರುವಾಗ, ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ಆಗುವ ಮಾತಲ್ಲ. ಯಾರೂ ಇಲ್ಲ ಎಂದೆ. ಹಾಸ್ಟೆಲ್ಲಿಗೆ ಸೇರಿದ ದಿನದಿಂದ ಯಾರು ಕೇಳಿದರೂ ನಾನು ಕೊಟ್ಟುಕೊಂಡು ಬಂದ ಉತ್ತರವೇ ಅದಾದ್ದರಿಂದ ಬಾಯಿಗೆ ಸುಲಭವಾಗಿ ಬಂತು.

ಕೆಂಪು ಮುದ್ರೆ ಬಿತ್ತು. ಕಾರಣವನ್ನು ಹೇಮಲತಾ ಅವರು ಬೇಸರದಿಂದಲೇ ಕನ್ನಡ ಮಾಡಿದರು: “ಹಿಡಿದು ಎಳಿಯಾಕ ಇಲ್ಲಿ ಯಾರೂ ಇಲ್ದವ್ರು ಹೋದ್ರ ತಿರುಗಿ ಬರೂದಿಲ್ಲ ಅಂತಾರ್ರೀ ಸಾಹೇಬ್ರು.” ತಮ್ಮ ಈ ನೀತಿಯನ್ನು ನಾನು ಮನಸಾರೆ ಹೊಗಳಬೇಕು. ಲಗ್ಗೆರೆಯಲ್ಲಿ ನಾನು ಮೊದಲು ಬಾಡಿಗೆ ಮನೆ ಹುಡುಕಲು ಹೋದಾಗ ಸೊಣ್ಣಪ್ಪನವರೆಂಬ ಮನೆ ಮಾಲೀಕರು ಜಗಲಿಯ ಮೇಲೆ ಕೂತೇ ನನ್ನನ್ನು ಅಳೆದು, “ಮದ್ವೆ ಆಗಿಲ್ವಾ, ಅಂಗಾದ್ರೆ ಮನೆ ಖಾಲಿ ಇಲ್ಲ” ಎಂದಿದ್ದರು, ಬಾಗಿಲಿಗೆ ಖಾಲಿ ಇದೆ ಎಂಬ ಬೋರ್ಡು ನೇತಾಡುತ್ತಿತ್ತು. ಇದು ರಾಗಿ ಹೊಲ ಮಾರಿ ವಠಾರ ಕಟ್ಟಿಸಿದ ಒಬ್ಬ ಹಳ್ಳಿ ಯಜಮಾನರ ಹಳೆಯ ಕಾಲದ ಬುದ್ಧಿ ಎಂದು ಆಗ ಮೂಗು ಮುರಿದಿದ್ದೆ. ಅದೇ ಮುಂದುವರಿದ ರಾಷ್ಟ್ರಗಳ ವಿದೇಶಾಂಗ ನೀತಿ ಎಂದು ತಿಳಿದ ಮೇಲೆ ಸೊಣ್ಣಪ್ಪನವರ ಬಗ್ಗೆ ಗೌರವ ಹೆಚ್ಚಿತು. ತಮ್ಮಲ್ಲಿ ಸಿಬ್ಬಂದಿಯ ಕೊರತೆ ಇದ್ದರೆ ಅವರನ್ನು ನೇಮಿಸಿಕೊಳ್ಳಬಹುದು. ಅವರಿಗೆ ಗಾಜು ಬೇಡ, ಮುದ್ರೆ ಬೇಡ, ಜಗಲಿಯೊಂದಿದ್ದರೆ ಸಾಕು. ಸಣ್ಣ ತೊಂದರೆ ಏನೆಂದರೆ ಕೊನೆಗೆ ಅವರು ನನಗೆ ಮಹಡಿ ಮೇಲಿನ ಒಂದು ಕೋಣೆಯನ್ನು ಕೊಟ್ಟುಬಿಟ್ಟರು, ಹಬ್ಬಕ್ಕೆ ಊಟಕ್ಕೂ ಕರೆಯುತ್ತಾರೆ. ಆ ಮಟ್ಟಿಗೆ ಅವರ ನೀತಿಯಲ್ಲಿ ಸಡಿಲವಿದೆ.

ಈ ನಡುವೆ ತಮ್ಮ ದೇಶದಲ್ಲಿ ಯಂತ್ರದ ಗತಿ ಏನಾಯಿತೆಂಬುದನ್ನು ತಿಳಿಸುವುದು ನನ್ನ ಕರ್ತವ್ಯ. ನಾನು ಫ್ಯಾಕ್ಸಿನಲ್ಲಿ ಹೇಳುವುದು, ಅವರು ಅಲ್ಲಿ ಏನೋ ತಿರುಗಿಸುವುದು, ಹೀಗೆ ನಡೆದು ಕೊನೆಗೆ ಯಂತ್ರ ಎದ್ದಿದೆ. ಆದರೆ ಕಾಗದದ ಒಂದು ತುದಿಯನ್ನು ಮಾತ್ರ ತಿರುಚುತ್ತದೆ, ಇನ್ನೊಂದು ತುದಿ ಬಾಯಿ ತೆರೆದುಕೊಂಡೇ ಹೊರಗೆ ಬರುತ್ತದೆ. ತಮ್ಮ ದೇಶದ ಮಕ್ಕಳ ಜೇಬಿನ ತುಂಬ ಈಗ ಪೆಪ್ಪರಮೆಂಟು ಅಂಟಿಕೊಂಡಿದ್ದರೆ ಅದಕ್ಕೆ ಹೊಣೆ ಪೀಣ್ಯದ್ದಲ್ಲ ಎಂದು ವಿನಯದಿಂದ ಹೇಳುತ್ತೇನೆ. ಮುಂದಿನ ಸಲ ನನ್ನನ್ನು ಮನುಷ್ಯನೆಂದು ಪರಿಗಣಿಸುವ ಕಷ್ಟ ತೆಗೆದುಕೊಳ್ಳಬೇಡಿ. ಬಿಡಿಭಾಗವೆಂದು ನಮೂದಿಸಿ, ಗ್ರೀಸು ಸವರಿ, ಎಣ್ಣೆ ಕಾಗದದಲ್ಲಿ ಸುತ್ತಿ, ಈ ಬದಿ ಮೇಲೆ ಇರಲಿ ಎಂದು ಬಾಣದ ಗುರುತು ಹಾಕಿ ಕಳಿಸಲು ಗದಿಗೆಪ್ಪನವರು ಸಿದ್ಧರಿದ್ದಾರೆ. ಬಿಡಿಭಾಗ ತಿರುಗಿ ಬರುತ್ತದೋ ಇಲ್ಲವೋ ಎಂದು ಯಾವ ದೇಶವೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಿಂಬೆಹಣ್ಣನ್ನು ನಾನೇ ಜೇಬಿನಿಂದ ತೆಗೆದಿಟ್ಟು ಬರುತ್ತೇನೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬರೀ ವೀಸಾ ಸಿಗದವನ ಗೊಣಗಾಟವಾಗುತ್ತಿತ್ತು. ಆದರೆ ತಮ್ಮ ಕಿಟಕಿಯಲ್ಲಿ ನಡೆದ ಮಾತು ಅಲ್ಲೇ ಉಳಿಯಲಿಲ್ಲ. ತಮ್ಮ ಸರ್ಕಾರದ ಗುಟ್ಟುಗಳನ್ನು ಹೇಮಲತಾ ಅವರು ಪ್ರಾಣ ಹೋದರೂ ಬಿಟ್ಟುಕೊಡಲಾರರು, ಅದರ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ತವರೂರಿನ ಹುಡುಗನ ವಿಷಯ ಗುಟ್ಟಿನ ಪಟ್ಟಿಯಲ್ಲಿ ಬರುವುದಿಲ್ಲ. ಅವರು ಎಸ್‌ಟಿಡಿ ಬೂತಿನಿಂದ ಬಸಕ್ಕನಿಗೆ ಫೋನು ಮಾಡಿ, ನಮ್ಮೂರ ಹುಡುಗ, ಮಠದಲ್ಲಿ ಓದಿದವನು, ಪೀಣ್ಯದ ಗದಿಗೆಪ್ಪನವರ ಶೆಡ್ಡಿನಲ್ಲಿರುವವನು, ಸಾಹೇಬರು ಹುಡುಗಿ ಗಿಡುಗಿ ಇದ್ದಾಳೇನೋ ಎಂದು ತಿರುತಿರುಗಿಸಿ ಕೇಳಿದರೂ ತಲೆ ಎತ್ತದೆ ಇಲ್ಲ ಇಲ್ಲ ಎಂದ ಎಂದು ಹೇಳಿದರು. ಬಸಕ್ಕ ಅದನ್ನು ಲಗ್ಗೆರೆಯಲ್ಲಿರುವ ಒಡಹುಟ್ಟಿದ ಇರಣ್ಣನವರಿಗೆ ಮುಟ್ಟಿಸಿದರು. ಇರಣ್ಣನವರು ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರು, ತಮ್ಮ ಮಗಳಿಗೆ ಗಂಡು ಹುಡುಕುತ್ತಿದ್ದವರು. ಆ ಮಗಳೇ ನಮ್ಮ ಶೆಡ್ಡಿನಲ್ಲಿ ನಕ್ಷೆ ಬರೆಯುವವಳು.

ಹಿರಿಯರಿಲ್ಲದ ಹುಡುಗನ ಗುಣ ನಡತೆಗೆ ಸಾಕ್ಷಿ ಹೇಳುವವರು ಯಾರು ಎಂಬ ಪ್ರಶ್ನೆಯೇ ಅವರಿಗೆ ಬರಲಿಲ್ಲ, ಸ್ವತಃ ತಾವೇ ಸಾಕ್ಷಿಯಾಗಿದ್ದಿರಿ. ಒಂದು ಭಾನುವಾರ ಇರಣ್ಣನವರು ನನ್ನ ಕೋಣೆಗೆ ಬಂದು ಕುಕ್ಕರುಗಾಲಲ್ಲಿ ಕೂತು, “ಫಾರಿನ್‌ನೋರೇ ಕೂರಿಸ್ಕೊಂಡು ಪರೀಕ್ಷೆ ಮಾಡಿದಾರಂತಲ್ಲಪ್ಪ, ಇನ್ನು ನಾವೇನ್ ಕೇಳೋದೈತಿ” ಎಂದರು. ನಾನು ಮನೆದೇವರಿಗಿಂತ ಮೊದಲು ತಮ್ಮನ್ನು ನೆನೆದೆ. ಇನ್ನೂ ಎಷ್ಟೋ ದಿನ ಕಾದು, ಧೈರ್ಯ ಮಾಡಿ, ಯಾರನ್ನೋ ಮುಂದಿಟ್ಟುಕೊಂಡು ಕೇಳಬೇಕಾಗಿದ್ದ ಹುಡುಗಿಯನ್ನು ಅವಳ ತಂದೆಯೇ ಮಹಡಿ ಹತ್ತಿ ಬಂದು ಕೊಡುತ್ತಿದ್ದರು, ಅದೂ ತಾವು ನಿರಾಕರಿಸಿದ ಕಾರಣಕ್ಕೆ. ಹೋದ ವೀಸಾ ಹೋಗಲಿ ಎಂದು ನಾನು ಸೊಣ್ಣಪ್ಪನವರ ವಠಾರಕ್ಕೆಲ್ಲ ಮೈಸೂರು ಪಾಕು ಹಂಚಿದೆ.

ಹುಡುಗಿ ಒಪ್ಪಲಿಲ್ಲ. ಮನೆಯವರಿಗೆ ಕಾರಣ ಹೇಳದೆ ಮುಖ ಊದಿಸಿಕೊಂಡು ಕೂತಳು. ಅವಳ ತಾಯಿ ಅತ್ತರು, ಬಸಕ್ಕ ದಾವಣಗೆರೆಯಿಂದ ಬಸ್ಸು ಹತ್ತಿ ಬಂದರು, ಯಾರಿಗೂ ಅವಳು ಸೊಪ್ಪು ಹಾಕಲಿಲ್ಲ. ಕಾರಣವನ್ನು ನನಗೊಬ್ಬನಿಗೇ, ಮರುದಿನ ಶೆಡ್ಡಿನಲ್ಲಿ ಪೆನ್ಸಿಲ್ ಕೆತ್ತುತ್ತ, ತಲೆ ಎತ್ತದೆ ಹೇಳಿದಳು: “ಮೂರು ಸಲ ಕೇಳಿದ್ರಂತೆ. ಮೂರು ಸಲಾನೂ ಯಾರೂ ಇಲ್ಲ ಅಂದ್ರಂತೆ. ಯಜಮಾನ್ರು ಬರೆಸಿದ್ದು ಬೇರೆ, ಅದನ್ನ ನಾನೇ ಟೈಪ್ ಮಾಡ್ದೆ. ನೀವಾಗೇ ಹೇಳಿದ್ದು ಬೇರೆ. ಯಾರೂ ಅಲ್ದೇ ಇರೋಳನ್ನ ಈಗ್ಯಾಕೆ ಮದುವೆ ಆಗ್ತೀರಿ.” ನಿನ್ನ ಹೆಸರು ಕೆಡಬಾರದೆಂದು ಹಾಗೆ ಹೇಳಿದೆ ಎಂದೆ. “ನನ್ನ ಹೆಸರು ಕೆಡೋದು ಬಿಡೋದು ನನ್ನನ್ನ ಕೇಳ್ಬೇಕಿತ್ತು” ಎಂದಳು. ಕೊನೆಗೆ ಅವಳು ಹಾಕಿದ ನಿಬಂಧನೆ ಇಷ್ಟೇ: ಅಷ್ಟು ಜನರ ಮುಂದೆ ಸರ್ಕಾರಿ ಕಾಗದದಲ್ಲಿ ಬರೆಸಿದ್ದನ್ನು ಅಷ್ಟೇ ಜನರ ಮುಂದೆ ಅಳಿಸಬೇಕು, ಕಿವಿಯಲ್ಲಿ ಹೇಳಿದರೆ ಆಗದು.

ಆದ್ದರಿಂದಲೇ, ಮಾನ್ಯರೇ, ಈ ಪತ್ರ ಬಹಿರಂಗ. ಇದರಿಂದ ಏನಾಗುತ್ತದೆಂದು ತಿಳಿಯದೆ ಬರೆಯುತ್ತಿಲ್ಲ. ಹುಡುಗಿಯ ಗಂಧಗಾಳಿಯೂ ಇಲ್ಲದ ಸಭ್ಯಸ್ಥನೆಂದು ತಾವು ಕೊಟ್ಟ ಸಾಕ್ಷಿಯ ಮೇಲೆ ಇರಣ್ಣನವರು ಒಪ್ಪಿದ್ದಾರೆ. ಅದು ಸುಳ್ಳು, ಅವರ ಮಗಳನ್ನು ಇಷ್ಟು ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡೇ ಸುಳ್ಳು ಹೇಳಿದೆ ಎಂದು ಪತ್ರಿಕೆಯಲ್ಲಿ ಓದಿದರೆ ಅವರು ಅದೇ ಮಹಡಿ ಹತ್ತಿ ಬಂದು ನನ್ನ ಕೊರಳಪಟ್ಟಿ ಹಿಡಿಯಬಹುದು. ಹೇಳಿದರೆ ತಂದೆಯ ಒಪ್ಪಿಗೆ ರದ್ದು, ಹೇಳದಿದ್ದರೆ ಮಗಳದು. ತಮ್ಮ ವಿದೇಶಾಂಗ ಖಾತೆಯಲ್ಲಿ ಇಂಥ ಬಿಕ್ಕಟ್ಟು ಬಂದರೆ ಎರಡೂ ಕಡೆಗೆ ಒಂದೊಂದು ಬೇರೆ ಬೇರೆ ಹೇಳಿಕೆ ಕೊಡುವ ಪದ್ಧತಿ ಇದೆಯಂತೆ. ನನಗೆ ಅಷ್ಟು ಚಾತುರ್ಯವಿಲ್ಲ.

ಹಾಗಾಗಿ ಪೆನ್ನು ಕೈಗೆತ್ತಿಕೊಂಡು ನನ್ನ ಕಡತವನ್ನು ತೆರೆಯಿರಿ. ಮದುವೆಯಾಗಬೇಕೆಂದಿರುವ ಹುಡುಗಿ ಇದ್ದಾಳೆಯೇ ಎಂಬಲ್ಲಿ, ಇದ್ದಾಳೆ, ಮೇಘಾ ಎಂದು ಬರೆಯಿರಿ. ನೀನು ತಿರುಗಿ ಬರಲೆಂದು ಕಾಯುವವರು ಇದ್ದಾರೆಯೇ ಎಂಬಲ್ಲಿ, ಮೇಘಾ. ತಾವು ಕೇಳದೆಯೇ ಖಾಲಿ ಬಿಟ್ಟ, ತಿರುಗಿ ಬರುತ್ತೀಯೆಂಬುದಕ್ಕೆ ಆಧಾರವೇನು ಎಂಬಲ್ಲಿಯೂ ಅದನ್ನೇ ಬರೆಯಿರಿ, ಮೇಘಾ. ಮೂರು ಸಲ ಇಲ್ಲವೆಂದದ್ದಕ್ಕೆ ಮೂರು ಸಲ ಹೇಳಿದ್ದೇನೆ. ನಾನು ಯಾರೂ ಇಲ್ಲದವನಾಗಿ ಇಪ್ಪತ್ತೆಂಟು ವರ್ಷ ಬದುಕಿದೆ, ಅದರ ಅಭ್ಯಾಸ ಬಿಡಲು ಸ್ವಲ್ಪ ತಡವಾಯಿತು. ಈ ತಿದ್ದುಪಡಿಯ ಮೇಲೆ ತಾವು ವೀಸಾ ಕೊಟ್ಟರೂ ಸಂತೋಷ, ಕೊಡದಿದ್ದರೂ ಚಿಂತೆಯಿಲ್ಲ, ಕೆಂಪು ಮುದ್ರೆಯನ್ನು ಇನ್ನೊಂದು ಸಲ ಒತ್ತಬೇಕೆನಿಸಿದರೆ ದಯವಿಟ್ಟು ಅವಳ ಹೆಸರಿನ ಮೇಲೆ ಬೀಳದಂತೆ ಒತ್ತಿರಿ.

ತಮ್ಮ ಅಮೂಲ್ಯ ಸಮಯವನ್ನು ವೀಸಾ ಕೊಡದಿರುವಂಥ ಮಹತ್ವದ ಕೆಲಸದಿಂದ ಬೇರೆಡೆಗೆ ಸೆಳೆದದ್ದಕ್ಕೆ ಕ್ಷಮೆ ಇರಲಿ.

ತಾವು ನಂಬದಿದ್ದರೂ
ತಮ್ಮ ವಿಶ್ವಾಸಿಯೇ ಆಗಿರುವ,
ಈರೇಶ್,
ಸೊಣ್ಣಪ್ಪನವರ ವಠಾರ, ಮಹಡಿ ಮೇಲಿನ ಕೋಣೆ,
ಲಗ್ಗೆರೆ, ಬೆಂಗಳೂರು

ಮರೆತ ಮಾತು: ಪತ್ರಿಕೆಗೆ ಕಳಿಸುವ ಮೊದಲು ಈ ಪತ್ರವನ್ನು ಇರಣ್ಣನವರ ಮನೆಗೆ ಒಯ್ದು ಅವರ ಕೈಗೇ ಕೊಟ್ಟೆ. ಹಿಂದಿನಿಂದ ತಿಳಿಯುವುದಕ್ಕಿಂತ ಎದುರಿಗೇ ಒದೆ ತಿನ್ನುವುದು ಮೇಲು ಎನ್ನಿಸಿತು. ಅವರು ಕನ್ನಡಕ ಹಾಕಿಕೊಂಡು ಓದಿ, ಮಡಿಚಿ ಮಂಡಿಯ ಮೇಲಿಟ್ಟುಕೊಂಡರು. ಆಮೇಲೆ, “ವೀಸಾ ಹೋಗ್ಲಿ ಅಂತ ಬಿಟ್ಟೆ, ನನ್ ಮಗಳ ಹೆಸರು ಮಾತ್ರ ಕಿಟಕಿ ಮುಂದೆ ಎತ್ಲಿಲ್ಲ ನೀನು. ಅಲ್ಲಿ ಎತ್ತದೇ ಇದ್ದೋನು ಈಗ ಪೇಪರಿಗೇ ಹಾಕಿಸ್ತೀಯಲ್ಲಪ್ಪ” ಎಂದರು. ಬೈದರೋ ಹೊಗಳಿದರೋ ತಿಳಿಯದೆ ನಿಂತಿದ್ದೆ. “ಕೂತ್ಕೋ, ಊಟ ಮಾಡ್ಕೊಂಡು ಹೋಗು” ಎಂದ ಮೇಲೆ ತಿಳಿಯಿತು. ಮೇಘಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಪತ್ರ ಓದಿ, ಎರಡು ಕಡೆ ಅಳತೆ ಹೆಚ್ಚಾಯಿತೆಂದು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಹೆಸರು ಬಂದಿರುವ ಕಡೆ ಮಾತ್ರ ಏನನ್ನೂ ಮುಟ್ಟದೆ ಹಿಂದಕ್ಕೆ ಕೊಟ್ಟಳು. ಲಗ್ನ ಮಾಘ ಮಾಸದಲ್ಲಿ. ತಾವು ಬರಬೇಕು, ಪೀಣ್ಯಕ್ಕೆ ಬರಲು ತಮಗೆ ಯಾರ ಅಪ್ಪಣೆಯೂ ಬೇಡ, ಹೇಮಲತಾ ಅವರನ್ನೂ ಕರೆತನ್ನಿ.

ಇನ್ನೊಂದು: ಮಿಠಾಯಿ ಕಾರ್ಖಾನೆಯವರು ಮತ್ತೆ ಫ್ಯಾಕ್ಸ್ ಮಾಡಿದ್ದಾರೆ, ಎರಡನೇ ತುದಿ ತಿರುಚದೆ ವ್ಯಾಪಾರ ನಡೆಯುವುದಿಲ್ಲವಂತೆ. ನಕ್ಷೆ ಬರೆದವಳೂ ಜೊತೆಗೆ ಬಂದರೆ ಒಳ್ಳೆಯದೆಂದು ಗದಿಗೆಪ್ಪನವರ ಅಭಿಪ್ರಾಯ. ಹಾಗಾಗಿ ಮದುವೆಯಾದ ಮೇಲೆ ನಾವಿಬ್ಬರೂ ತಮ್ಮ ಮೂರನೇ ಕಿಟಕಿಗೆ ಬರುತ್ತೇವೆ. ನಿನ್ನ ಊರಿನಲ್ಲಿ ನಿನಗಾಗಿ ಕಾಯುವವರು ಯಾರಾದರೂ ಇದ್ದಾರೆಯೇ ಎಂದು ತಾವು ಮತ್ತೆ ಕೇಳುವಿರಿ. ಈ ಸಲ ಸುಳ್ಳು ಹೇಳುವುದಿಲ್ಲವೆಂದು ಮೇಘಾಗೆ ಮಾತು ಕೊಟ್ಟಿದ್ದೇನೆ. ಊರಲ್ಲಿ ಯಾರೂ ಇಲ್ಲ ಸ್ವಾಮಿ, ಪಕ್ಕದಲ್ಲೇ ನಿಂತಿದ್ದಾಳೆ ಎಂದೇ ಹೇಳುತ್ತೇನೆ. ಮುದ್ರೆಯ ಮಸಿ ಒಣಗದಂತೆ ನೋಡಿಕೊಳ್ಳಿ.